ಮಾರನೆಯ ದಿನವನ್ನು ಕೇಳುತ್ತಿದ್ದ ಡಾಕ್ಟರಮ್ಮ

ಕಳೆದ ತಿಂಗಳು ನಾನು ಹಾಕಿದ್ದ ಕಾಗದ ವಾಪಸು ಬಂತು. ಲಕೋಟೆಯ ಮೇಲಿನ ವಿಳಾಸಕ್ಕೆ ಅಡ್ಡಗೆರೆ ಎಳೆದು, ಆ ಊರಿನ ಪೋಸ್ಟ್‌ಮ್ಯಾನ್ ಕೆಂಪು ಶಾಯಿಯಲ್ಲಿ ‘ವಿಳಾಸದಾರರು ಮರಣ’ ಎಂದು ಎರಡೇ ಪದ ಬರೆದಿದ್ದ. ಬೀದರ್ ಕಡೆಯಿಂದ ಅದು ನಮ್ಮ ಕಿರಂಗೂರಿಗೆ ಬರಲು ಹದಿನೈದು ದಿನ ತೆಗೆದುಕೊಂಡಿತ್ತು. ಯಾವಾಗ ಹೋದರು, ಏನಾಗಿತ್ತು, ಕೊನೆಗೆ ಹತ್ತಿರ ಯಾರಿದ್ದರು, ಒಂದೂ ಗೊತ್ತಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ನನಗೆ ತಿಳಿದ ಹಾಗೆ ಅವರಿಗೆ ತಮ್ಮವರು ಅಂತ ಇದ್ದದ್ದು ಮೈಸೂರಿನಲ್ಲಿ ಒಬ್ಬ ಅಣ್ಣ. ಅವರೂ ಹಿಂದೆಯೇ ತೀರಿಕೊಂಡಿದ್ದರು.

ಅವರನ್ನು ನಾವೆಲ್ಲ ಡಾಕ್ಟರಮ್ಮ ಅನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ‘ಕೆಲಸ ಮುಗಿಯೋ ಮೊದಲು ಹೆಸರು ಹಾಕಬಾರದು’ ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಅವರ ಕೆಲಸ ಮುಗಿಯಲಿಲ್ಲ.

ತೊಂಬತ್ತರ ದಶಕ ಶುರುವಾದ ಕಾಲ. ಪಾಂಡವಪುರದಿಂದ ಒಂದಿಷ್ಟು ದೂರದ ಹಳ್ಳಿಯೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ಅಲ್ಲಿಗೆ ವರ್ಗವಾಗಿ ಬಂದಾಗ ಐವತ್ತರ ಹತ್ತಿರ ಇದ್ದಿರಬೇಕು. ಎತ್ತರದ, ತೆಳ್ಳನೆಯ ಹೆಂಗಸು. ಗಂಜಿ ಹಾಕಿದ ನೂಲಿನ ಸೀರೆ, ಬೇಸಿಗೆಯಲ್ಲೂ ಕೈಯಲ್ಲೊಂದು ಕೊಡೆ. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಬೆಳಿಗ್ಗೆ ನಾನು ಬಸ್ಸು ಹತ್ತುವಾಗ ಅವರು ಆಗಲೇ ಕಿಟಕಿಯ ಪಕ್ಕ ಕೂತು ಜೆರಾಕ್ಸ್ ಹಾಳೆಗಳನ್ನು ಓದುತ್ತಿರುತ್ತಿದ್ದರು. ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿ ಬಸ್ಸು ತೆವಳಿದರೆ ಉಳಿದವರೆಲ್ಲ ಡ್ರೈವರನ್ನು ಬೈಯುವರು. ಇವರಿಗೆ ಮಾತ್ರ ಖುಷಿ, ಇನ್ನೆರಡು ಹಾಳೆ ಓದಬಹುದಲ್ಲ ಅಂತ.

ನಮ್ಮಲ್ಲಿಗೆ ಬರುತ್ತಿದ್ದ ಹೆಂಗಸರಲ್ಲಿ ಬಹಳ ಜನರದು ಒಂದೇ ದೂರು. ‘ಸುಸ್ತು ಕಣ್ರವ್ವ. ಮೈಯೆಲ್ಲ ನೋವು. ಎದ್ದು ನಿಂತ್ರೆ ಕಾಲಲ್ಲಿ ಕಸುವೇ ಇಲ್ಲ.’ ಅಲ್ಲಿಯವರೆಗೆ ಇದ್ದ ಡಾಕ್ಟರುಗಳು ಒಂದು ಹಿಡಿ ಕೆಂಪು ಮಾತ್ರೆ ಬರೆದು ಕಳಿಸುತ್ತಿದ್ದರು. ಡಾಕ್ಟರಮ್ಮ ಹಾಗಲ್ಲ. ಅವರು ಕೂರಿಸಿಕೊಂಡು ಕೇಳುವರು. ಹೆಂಗಸು ಹೇಳಿ ಮುಗಿಸಿದ ಮೇಲೂ ಪೆನ್ನು ಎತ್ತುತ್ತಿರಲಿಲ್ಲ. ‘ಇನ್ನೂ ಇದೆ, ಹೇಳಿ’ ಅನ್ನುವರು. ಆಮೇಲೆ ತಪ್ಪದೆ ಒಂದು ಪ್ರಶ್ನೆ: ‘ಒಂದು ದಿನ ಮೈ ಹಗುರಾಗಿದೆ ಅಂತ ಜಾಸ್ತಿ ಕೆಲಸ ಮಾಡ್ತೀರಿ ಅಂತಿಟ್ಕೊಳ್ಳಿ. ಮಾರನೆ ದಿನ ಹೇಗಿರುತ್ತೆ? ಅದರ ಮಾರನೆ ದಿನ?’

ಹೆಚ್ಚಿನವರು ‘ಒಂದ್ ನಿದ್ದೆ ಆದ್ರೆ ಸರ್ಯೋಯ್ತದೆ’ ಅನ್ನುವರು. ಅವರಿಗೆ ರಕ್ತ ಕಡಿಮೆಯೋ, ಹೊಟ್ಟೆಯಲ್ಲಿ ಹುಳುವೋ, ದುಡಿತ ಹೆಚ್ಚೋ, ಏನೋ ಒಂದು ಸಿಗುತ್ತಿತ್ತು. ಅಪರೂಪಕ್ಕೊಬ್ಬಳು ಪ್ರಶ್ನೆ ಕೇಳಿದ ಕೂಡಲೇ ತಲೆ ಎತ್ತಿ ಡಾಕ್ಟರಮ್ಮನ ಮುಖವನ್ನೇ ನೋಡುವಳು. ಆಗ ಇವರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಳ್ಳುವರು.

ನನಗೂ ಅವರಿಗೂ ಮೊದಲ ಮಾತಿನ ಚಕಮಕಿ ಆದದ್ದು ನನ್ನ ಚೀಟಿಯ ಮೇಲೆ. ಅಂಥ ಒಬ್ಬಳ ರಕ್ತ ನೋಡಿ, ಎಂದಿನಂತೆ ಕೆಳಗೆ ‘ನಾರ್ಮಲ್’ ಎಂದು ದೊಡ್ಡದಾಗಿ ಬರೆದು ಕೊಟ್ಟಿದ್ದೆ. ಅವರು ಚೀಟಿ ಹಿಡಿದುಕೊಂಡು ಲ್ಯಾಬಿಗೇ ಬಂದರು.

‘ಇದನ್ನ ಯಾಕೆ ಬರೆದ್ರಿ?’

‘ಎಲ್ಲಾ ಸರಿಯಾಗಿದೆಯಲ್ಲ ಮೇಡಂ.’

‘ನೀವು ನಾಲ್ಕು ಪರೀಕ್ಷೆ ಮಾಡಿದ್ದೀರಿ. ನಾಲ್ಕರಲ್ಲಿ ಏನೂ ಸಿಕ್ಕಿಲ್ಲ. ಅಷ್ಟು ಬರೀರಿ ಸಾಕು. ಆಕೆ ಚೆನ್ನಾಗಿದ್ದಾಳೆ ಅಂತ ಹೇಳೋಕೆ ನಮ್ಮಿಬ್ಬರಿಗೂ ಇನ್ನೂ ಬರಲ್ಲ.’

ನನಗೆ ಸಿಟ್ಟು ಬಂತು. ಒಂದು ಪದಕ್ಕೆ ಇಷ್ಟು ರಾದ್ಧಾಂತವೇ ಅನ್ನಿಸಿತು. ಆಸ್ಪತ್ರೆಯ ಉಸ್ತುವಾರಿಯಲ್ಲಿದ್ದ ಹಿರಿಯ ಡಾಕ್ಟರಿಗೆ ಹೇಳಿಕೊಂಡೆ. ಅವರು ನಕ್ಕು, ‘ಹೋಗ್ಲಿ ಬಿಡ್ಲಾ, ಸುಸ್ತಿನ ಮೇಲೆ ರಿಸರ್ಚ್ ಮಾಡ್ತಾ ಮಾಡ್ತಾ ಆಯಮ್ಮನೇ ಸುಸ್ತಾಗಿ ಸುಮ್ನಾಗ್ತದೆ’ ಅಂದರು.

ಆ ಪದ ಏನು ಮಾಡಬಲ್ಲದು ಎಂದು ನನಗೆ ಗೊತ್ತಾದದ್ದು ಅಕ್ಕನ ಮನೆಯಲ್ಲಿ.

ನನ್ನ ಅಕ್ಕನನ್ನು ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ಎರಡು ಎಮ್ಮೆ, ಒಂದಿಷ್ಟು ಗದ್ದೆ. ಅಕ್ಕನಿಗೆ ಒಮ್ಮೆ ವಾರ ಪೂರ್ತಿ ಜ್ವರ ಬಂತು. ಜ್ವರ ಬಿಟ್ಟಿತು, ಅಕ್ಕ ಏಳಲಿಲ್ಲ. ಮೂರು ತಿಂಗಳಾದ ಮೇಲೆ ಭಾವ ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದಿದ್ದ. ಡಾಕ್ಟರಮ್ಮ ಇನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ರಕ್ತ ನೋಡಿ ನಾನೇ ‘ನಾರ್ಮಲ್’ ಎಂದು ಬರೆದು, ‘ಏನೂ ಇಲ್ಲ ಕಣಕ್ಕ, ಎದ್ದು ಓಡಾಡು, ಸರ್ಯೋಯ್ತದೆ’ ಎಂದು ಸಮಾಧಾನ ಮಾಡಿ ಕಳಿಸಿದ್ದೆ. ನನ್ನ ಮಾತು ನಂಬಿ ಅವಳು ನಾಟಿಗೆ ಇಳಿದಳು. ಆಮೇಲೆ ಇಪ್ಪತ್ತು ದಿನ ಹಾಸಿಗೆ ಹಿಡಿದಳು. ಆ ಚೀಟಿಯನ್ನು ಅವಳ ಅತ್ತೆ ಗೋಡೆಯ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಯಾರಾದರೂ ‘ಸೊಸೆಗೇನಾಗದೆ?’ ಎಂದು ಕೇಳಿದರೆ ಅದನ್ನು ತೆಗೆದು ತೋರಿಸುವರು. ‘ಅವಳ ತಮ್ಮನೇ ಬರ್ಕೊಟ್ಟವ್ನೆ ನೋಡಿ. ಏನೂ ಇಲ್ವಂತೆ.’

ಆ ಚಕಮಕಿಯಾದ ಮೇಲೆ ಒಮ್ಮೆ ನಾನು ಹೋಗಿದ್ದ ದಿನ, ಪಕ್ಕದ ಮನೆಯವಳಿಗೆ ನನ್ನೆದುರಿಗೇ ತೋರಿಸಿದರು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು.

ಮರುದಿನ ಬಸ್ಸಿನಲ್ಲಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ‘ನಾನು ಅವತ್ತೇ ಹೇಳಿರಲಿಲ್ವಾ’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹಾಳೆಗಳನ್ನು ಚೀಲದೊಳಗೆ ಇಟ್ಟು, ‘ಭಾನುವಾರ ಹೋಗೋಣ’ ಅಂದರು.

ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆವು. ಅಕ್ಕನ ಅತ್ತೆ ನಡುಮನೆಯಲ್ಲಿ ಕುರ್ಚಿ ಹಾಕಿದರು. ಡಾಕ್ಟರಮ್ಮ ಅದನ್ನು ಬಿಟ್ಟು ಅಕ್ಕನ ಚಾಪೆಯ ಪಕ್ಕ ನೆಲದ ಮೇಲೆ ಕೂತರು. ಅದೇ ಪ್ರಶ್ನೆ ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದರು.

‘ಅವಳ್ನೇನ್ ಕೇಳ್ತೀರವ್ವ, ನನ್ನ ಕೇಳಿ ಯೋಳ್ತೀನಿ. ನಾಟಿ ದಿನ ಎಲ್ರಿಗಿಂತ ಮುಂದೆ ನಿಂತ್ಲು. ನಗ್ತಾ ನಗ್ತಾ ನೆಟ್ಲು. ಮಾರ್ನೆ ದಿನಾನೂ ವಸಿ ಓಡಾಡಿದ್ಲು. ನಾಡಿದ್ದು ನೋಡಿದ್ರೆ ಲೋಟ ಎತ್ತಕ್ಕಾಗಲ್ಲ ಅಂತಾಳೆ. ಬೆಳಕು ಬ್ಯಾಡ, ಸದ್ದು ಬ್ಯಾಡ ಅಂತಾಳೆ. ಗಂಟ್ಲು ನೋಯ್ತದಂತೆ. ನಿದ್ದೆ ಮಾಡಿ ಎದ್ರೆ ಇನ್ನೂ ಸುಸ್ತಂತೆ. ನಿದ್ದೆ ಮಾಡುದ್ರೆ ಯಾರಿಗಾರ ಸುಸ್ತಾಯ್ತದಾ? ಇದು ಸೋಗಲ್ದೆ ಇನ್ನೇನು?’

ಡಾಕ್ಟರಮ್ಮ ಅವರನ್ನೇ ನೋಡುತ್ತಿದ್ದರು. ಸಿಟ್ಟು ಮಾಡುತ್ತಾರೆ ಎಂದುಕೊಂಡೆ. ಅವರು ಚೀಲದಿಂದ ನೋಟುಪುಸ್ತಕ ತೆಗೆದರು.

‘ಅಮ್ಮಾ, ಇನ್ನೊಂದು ಸಲ ನಿಧಾನವಾಗಿ ಹೇಳ್ತೀರಾ? ಬರ್ಕೋತೀನಿ. ಈ ಕಾಯಿಲೆನ ಇಷ್ಟು ಸರಿಯಾಗಿ ನೋಡಿರೋರು ನನಗೆ ಇದುವರೆಗೂ ಸಿಕ್ಕಿಲ್ಲ.’

ಅತ್ತೆ ನೋಟುಪುಸ್ತಕದ ಕಡೆ ನೋಡಿದರು. ‘ಕಾಯ್ಲೆನಾ?’ ಅಂದರು.

‘ಕಾಯಿಲೆನೇ. ಯಾಕೆ ಬರುತ್ತೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ನಾನೂ ಹುಡುಕ್ತಾ ಇದ್ದೀನಿ. ನಾಟಿ ದಿನ ಎಷ್ಟು ಹೊತ್ತು ನೆಟ್ಟಳು, ಆಮೇಲೆ ಎಷ್ಟು ದಿನ ಮಲಗಿದಳು, ಇದನ್ನೆಲ್ಲ ಪಕ್ಕದಲ್ಲಿದ್ದು ನೋಡೋರು ನೀವೇ ತಾನೆ? ನನಗೆ ಅದು ಬೇಕು.’

ಅತ್ತೆ ಸೆರಗು ಸರಿಮಾಡಿಕೊಂಡು ಕೂತು ಮೊದಲಿಂದ ಹೇಳಿದರು. ಈ ಸಲ ಸೋಗು ಎಂಬ ಮಾತು ಬರಲಿಲ್ಲ. ಅವರು ಹೇಳುತ್ತಿದ್ದಂತೆ ಅಕ್ಕ ಸದ್ದಿಲ್ಲದೆ ಅಳುತ್ತಿದ್ದಳು. ಡಾಕ್ಟರಮ್ಮ ಬರೆಯುತ್ತಲೇ ಎಡಗೈಯನ್ನು ಅವಳ ಪಾದದ ಮೇಲೆ ಇಟ್ಟಿದ್ದರು.

ಮಾತ್ರೆ ಏನೂ ಕೊಡಲಿಲ್ಲ. ‘ಆಗುತ್ತೆ ಅನ್ನಿಸ್ತಿರುವಾಗಲೇ ಕೂತ್ಕೋ. ಆಗಲ್ಲ ಅನ್ನಿಸೋವರೆಗೂ ಕಾಯಬೇಡ’ ಎಂದಷ್ಟೇ ಅಕ್ಕನಿಗೆ ಹೇಳಿದರು. ಮುಂದಿನ ತಿಂಗಳು ನಾವು ಹೋದಾಗ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಸಾಲು ಸಾಲು ಗೆರೆ. ಓದುಬರಹ ಬಾರದ ಅತ್ತೆ ಎದ್ದ ದಿನಕ್ಕೆ ಉದ್ದ ಗೆರೆ, ಮಲಗಿದ ದಿನಕ್ಕೆ ಅಡ್ಡ ಗೆರೆ ಹಾಕಿಟ್ಟಿದ್ದರು. ಡಾಕ್ಟರಮ್ಮ ಗೋಡೆಯ ಮುಂದೆ ನಿಂತು ಅಷ್ಟನ್ನೂ ಪುಸ್ತಕಕ್ಕೆ ಇಳಿಸಿಕೊಂಡರು. ಅವರು ಜೋರಾಗಿ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಅವರು ಹುಡುಕುತ್ತಿದ್ದದ್ದು ಏನೆಂದು ನನಗೆ ಅರ್ಥವಾಗುವಂತೆ ಹೇಳಿದ್ದು ನಾಗಮಂಗಲದಿಂದ ಹಿಂದಿರುಗುವಾಗ. ಆ ತಾಲ್ಲೂಕಿನ ಒಂದು ಊರಿನಲ್ಲಿ ಮನೆಮನೆಗೂ ಜ್ವರ ಬಂದು ಹೋಗಿತ್ತು. ಊರಿನವರೆಲ್ಲ ಎದ್ದು ಓಡಾಡುತ್ತಿದ್ದರು. ಆರು ತಿಂಗಳಾದರೂ ಬೆರಳೆಣಿಕೆಯಷ್ಟು ಜನ ಮಾತ್ರ ಮಲಗಿಯೇ ಇದ್ದರು. ಅವರ ರಕ್ತ ತೆಗೆದುಕೊಂಡು ಬರುತ್ತಿದ್ದೆವು. ನನ್ನ ತೊಡೆಯ ಮೇಲೆ ಐಸು ತುಂಬಿದ ಡಬ್ಬಿ.

‘ಜ್ವರ ಬಂದಾಗ ಮುದುರಿ ಮಲಗ್ತೀವಲ್ಲ. ಊಟ ಬೇಡ, ಬೆಳಕು ಬೇಡ, ಮಾತು ಬೇಡ ಅನ್ನಿಸುತ್ತಲ್ಲ. ಅದನ್ನ ಮಾಡಿಸೋದು ಕ್ರಿಮಿ ಮಾತ್ರ ಅಲ್ಲ. ನಮ್ಮ ಮೈಯೇ ರಕ್ತದಲ್ಲಿ ಒಂದಷ್ಟು ರಾಸಾಯನಿಕ ಬಿಟ್ಟು, ಬಿದ್ಕೋ ಅಂತ ಅಪ್ಪಣೆ ಮಾಡುತ್ತೆ. ಸರಿ. ಕ್ರಿಮಿ ಹೋಯ್ತು. ಮೈ ಆ ಅಪ್ಪಣೆನ ವಾಪಸು ತಗೊಳ್ಳೋದನ್ನ ಮರೆತರೆ?’

‘ಅದು ನಿಜಾನಾ ಮೇಡಂ?’

‘ಗೊತ್ತಿಲ್ಲ. ನಿಜ ಇರಬಹುದು ಅಂತ ನನಗನ್ನಿಸುತ್ತೆ. ಅನ್ನಿಸೋದು ಸಾಲದಲ್ಲ, ಅದಕ್ಕೇ ಈ ಡಬ್ಬಿ.’

ಸ್ವಲ್ಪ ದೂರ ಬಂದ ಮೇಲೆ, ಕೇಳದೆಯೇ ಇನ್ನೊಂದು ಹೇಳಿದರು. ಅವರು ಡಾಕ್ಟರಾಗಿ ಮೊದಲು ಕೆಲಸಕ್ಕೆ ಸೇರಿದ್ದು ನಾಗಮಂಗಲದ ಕಡೆಯೇ. ಅಲ್ಲಿ ಒಬ್ಬಳು ಹೆಂಗಸು ಇದೇ ದೂರು ಹೇಳಿಕೊಂಡು ಮೂರು ಸಲ ಬಂದಿದ್ದಳಂತೆ. ಮೂರನೆಯ ಸಲ ಇವರು, ‘ನಿನಗೇನೂ ಇಲ್ಲ, ಮನಸ್ಸು ಗಟ್ಟಿ ಮಾಡ್ಕೋ’ ಎಂದು ಸ್ವಲ್ಪ ಗದರಿಸಿಯೇ ಕಳಿಸಿದರಂತೆ. ಆಕೆ ನಾಲ್ಕನೆಯ ಸಲ ಬರಲಿಲ್ಲ. ಒಂದು ವರ್ಷ ಬಿಟ್ಟು ಹುಡುಕಿಕೊಂಡು ಹೋದರೆ ಮನೆಗೆ ಬೀಗ. ಗಂಡ ಬೇರೆ ಕಡೆ ಹೋದ ಎಂದರಂತೆ ಅಕ್ಕಪಕ್ಕದವರು. ಹೆಂಡತಿಯ ವಿಷಯ ಯಾರೂ ಬಾಯಿಬಿಡಲಿಲ್ಲ.

‘ಈಗಲೂ ಈ ಕಡೆ ಬಂದರೆ ಸಾಲಲ್ಲಿ ನಿಂತೋರ ಮುಖ ನೋಡ್ತೀನಿ. ಇದ್ದಿದ್ರೆ ನನ್ನ ವಯಸ್ಸೇ ಆಗಿರೋದು. ಕಂಡರೂ ಗುರುತು ಸಿಗಲ್ಲ’ ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಜಿಲ್ಲೆಯ ಡಾಕ್ಟರುಗಳ ಒಂದು ಸಭೆಯಲ್ಲಿ ಈ ಕಾಯಿಲೆಯ ಬಗ್ಗೆ ಹೇಳಲು ಅವರಿಗೆ ಒಮ್ಮೆ ಅವಕಾಶ ಸಿಕ್ಕಿತು. ಅಕ್ಕನ ಅತ್ತೆಯ ಗೆರೆಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ಬರೆದುಕೊಟ್ಟವನು ನಾನು. ಹಾಳೆ ಹಿಡಿದು ನಿಂತವನೂ ನಾನೇ. ಊಟಕ್ಕೆ ಮುಂಚಿನ ಹೊತ್ತು. ಅವರು ಐದು ನಿಮಿಷ ಮಾತಾಡುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, ‘ಮೇಡಂ, ನಮ್ಮನೆಯವಳಿಗೂ ಇದೇ ಕಾಯಿಲೆ, ಸೀರೆ ಕೊಡಿಸಿದ್ರೆ ವಾಸಿಯಾಗುತ್ತೆ’ ಅಂದರು. ಸಭೆ ಗೊಳ್ಳೆಂದಿತು. ಡಾಕ್ಟರಮ್ಮ ನಗು ನಿಲ್ಲುವವರೆಗೂ ಕಾದು, ನಿಲ್ಲಿಸಿದ್ದ ವಾಕ್ಯದಿಂದಲೇ ಮುಂದುವರಿಸಿ, ಕೊನೆಯವರೆಗೂ ಓದಿ ಇಳಿದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಊಟದ ಹಾಲಿನಲ್ಲಿ ಅವರ ಎಡಬಲದ ಎರಡೂ ಕುರ್ಚಿ ಖಾಲಿ ಇದ್ದವು. ನಾನು ನೌಕರರ ಪಂಕ್ತಿಯಲ್ಲಿ ಕೂತಿದ್ದೆ, ಎದ್ದು ಹೋಗಿ ಅವರ ಪಕ್ಕ ಕೂರುವ ಧೈರ್ಯ ಬರಲಿಲ್ಲ.

ಆದರೂ ಒಂದು ಒಳ್ಳೆಯದಾಯಿತು. ಅವರು ಬರೆಯುತ್ತಲೇ ಇದ್ದ ಕಾಗದಗಳಿಗೆ ಬೆಂಗಳೂರಿನ ಒಬ್ಬ ವಿಜ್ಞಾನಿ ಉತ್ತರ ಕೊಟ್ಟರು. ಸ್ಯಾಂಪಲ್ ಕಳಿಸಿ, ನಮ್ಮ ಯಂತ್ರದಲ್ಲಿ ನೋಡುತ್ತೇವೆ ಎಂದು. ನಾಲ್ಕು ತಾಲ್ಲೂಕು ಸುತ್ತಿ ಕೂಡಿಸಿದ್ದ ಗಾಜಿನ ಕೊಳವೆಗಳು ಆಸ್ಪತ್ರೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹೆಪ್ಪುಗಟ್ಟಿ ಕೂತಿದ್ದವು. ಕಳಿಸುವ ಏರ್ಪಾಡಿಗೆಂದು ಡಾಕ್ಟರಮ್ಮ ಎರಡು ದಿನ ಬೆಂಗಳೂರಿಗೆ ಹೋದರು.

ಅವರು ಹೋದ ದಿನವೇ ಜೀಪಿನಲ್ಲಿ ಮಕ್ಕಳ ಲಸಿಕೆಯ ಡಬ್ಬಿಗಳು ಬಂದವು. ಫ್ರಿಜ್ಜಿನಲ್ಲಿ ಜಾಗ ಸಾಲದು. ಹಿರಿಯ ಡಾಕ್ಟರು, ‘ಆ ಸುಸ್ತಿನ ಬಾಟಲಿಗಳನ್ನ ತೆಗೆದು ಈಚೆಗಿಡ್ಲಾ’ ಅಂದರು. ನಾನು ತೆಗೆದು ಮೇಜಿನ ಮೇಲಿಟ್ಟೆ. ಪಾಂಡವಪುರಕ್ಕೆ ಹೋಗಿ ಐಸು ತರಬಹುದಿತ್ತು. ಬೇರೆಲ್ಲಾದರೂ ಫ್ರಿಜ್ಜು ಕೇಳಬಹುದಿತ್ತು. ‘ಸಾರ್, ಇದು ಹಾಳಾಗುತ್ತೆ’ ಎಂದು ಒಂದು ಮಾತಾದರೂ ಆಡಬಹುದಿತ್ತು. ನನ್ನ ಕೆಲಸ ಕಾಯಂ ಆಗುವ ಕಾಗದ ಅದೇ ವಾರ ಆ ಹಿರಿಯ ಡಾಕ್ಟರ ಸಹಿಗೆ ಹೋಗುವುದರಲ್ಲಿತ್ತು. ಸುಮ್ಮನಿದ್ದೆ.

ಮೂರನೆಯ ದಿನ ಡಾಕ್ಟರಮ್ಮ ಬಂದು ಮೇಜನ್ನು ನೋಡಿದರು. ಏಪ್ರಿಲ್ ತಿಂಗಳ ಸೆಕೆ. ಕೊಳವೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ಪ್ರತಿಯೊಂದರ ಮೇಲಿದ್ದ ಚೀಟಿ ಓದಿ, ಪುಸ್ತಕದಲ್ಲಿ ಆ ಹೆಸರಿನ ಮುಂದೆ ‘ಹಾಳಾಯಿತು’ ಎಂದು ಬರೆದರು. ಕೊನೆಯದನ್ನು ಬರೆದ ಮೇಲೆ ನನ್ನ ಕಡೆ ತಿರುಗಿ, ‘ಲಸಿಕೆ ಎಲ್ಲ ತಣ್ಣಗಿದೆಯಾ? ಮಕ್ಕಳಿಗೆ ಕೊಡೋದು, ಸರಿಯಾಗಿ ನೋಡ್ಕೊಳ್ಳಿ’ ಅಂದರು.

ಅವರು ಬೈದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಹೊರಟರು. ಈ ಸಲ ಜನ ಕೈ ಚಾಚಲಿಲ್ಲ. ‘ಒಂದ್ಸಲ ಕೊಟ್ಟಿವಲ್ಲ, ಅದೇನಾಯ್ತು?’ ಎಂದು ಕೇಳುವರು. ಡಾಕ್ಟರಮ್ಮ ಸುಳ್ಳು ಹೇಳುತ್ತಿರಲಿಲ್ಲ. ‘ನಾವು ಹಾಳು ಮಾಡಿಬಿಟ್ವಿ’ ಅನ್ನುವರು. ನಾವು ಅನ್ನುವರು, ಇವನು ಎನ್ನುತ್ತಿರಲಿಲ್ಲ. ಎಷ್ಟೋ ಬಾಗಿಲುಗಳು ಹಾಗೆಯೇ ಮುಚ್ಚಿಕೊಂಡವು. ಕಾಯಿಲೆಯವರ ಜತೆಗೆ ಅದೇ ಮನೆಯ ಗಟ್ಟಿಮುಟ್ಟಾದವರ ರಕ್ತವೂ ಬೇಕಿತ್ತು, ಹೋಲಿಸಿ ನೋಡಲು. ಅದಂತೂ ಯಾರೂ ಕೊಡಲೊಲ್ಲರು. ಮೊದಲು ತೋಳು ಚಾಚಿದವರು ಅಕ್ಕನ ಅತ್ತೆ.

‘ನಂಗೇನೂ ಆಗಿಲ್ವಲ್ರವ್ವ, ನಂದ್ಯಾಕೆ?’

‘ಏನೂ ಆಗಿಲ್ಲ ಅಂತಲೇ ಬೇಕು.’

‘ತಗೊಳಿ ಮತ್ತೆ. ಒಳ್ಳೆ ಗದ್ದೆ ನೋಡಿದ್ರಲ್ವಾ ಕೆಟ್ಟ ಗದ್ದೆ ಯಾವ್ದು ಅಂತ ಗೊತ್ತಾಗೋದು.’

ಎರಡನೆಯ ಸಲ ಕೂಡಿದ್ದು ಸ್ವಲ್ಪವೇ. ಅದನ್ನು ನಾನೇ ಐಸಿನ ಡಬ್ಬಿಯಲ್ಲಿ ಬೆಂಗಳೂರಿಗೆ ಒಯ್ದು ಕೊಟ್ಟು ಬಂದೆ. ಉತ್ತರ ಬರುವ ಮೊದಲೇ ಡಾಕ್ಟರಮ್ಮನಿಗೆ ಬೀದರ್ ಕಡೆಗೆ ವರ್ಗವಾಯಿತು. ಹೊರಟ ದಿನ ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ನಾನೊಬ್ಬನೇ ಇದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಎರಡು ರಟ್ಟಿನ ಪೆಟ್ಟಿಗೆ ತುಂಬ ನೋಟುಪುಸ್ತಕ. ‘ಅಕ್ಕನ್ನ ನೋಡ್ಕೊಳ್ಳಿ’ ಅಂದರು. ರೈಲು ಹೊರಟಿತು.

ಆರು ತಿಂಗಳ ಮೇಲೆ ಅವರಿಂದ ಕಾಗದ ಬಂತು. ಬೆಂಗಳೂರಿನವರು ನೋಡಿದ್ದಾರೆ, ಕೆಲವರ ರಕ್ತದಲ್ಲಿ ಏನೋ ವ್ಯತ್ಯಾಸ ಇದ್ದ ಹಾಗಿದೆ, ಆದರೆ ಸ್ಯಾಂಪಲ್ ತೀರ ಕಡಿಮೆ, ಇಷ್ಟರ ಮೇಲೆ ಏನೂ ಹೇಳುವ ಹಾಗಿಲ್ಲ ಎಂದಿದ್ದಾರೆ. ‘ಅವರು ಹೇಳಿದ್ದು ಸರಿ, ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ’ ಎಂದು ಬರೆದಿದ್ದರು. ಹಾಳಾದ ಆ ಕೊಳವೆಗಳೂ ಇದ್ದಿದ್ದರೆ ಎಂಬುದನ್ನು ಅವರು ಬರೆಯಲಿಲ್ಲ. ಅಲ್ಲಿಯೂ ಇಂಥವರು ಇದ್ದಾರೆ, ಭಾಷೆ ಸ್ವಲ್ಪ ಬೇರೆ, ಹೇಳುವುದು ಅದೇ, ಮತ್ತೆ ಶುರುಮಾಡಿದ್ದೇನೆ ಎಂದಿತ್ತು. ಆಮೇಲೆ ವರ್ಷಕ್ಕೊಂದೆರಡು ಕಾಗದ, ಹೆಚ್ಚಾಗಿ ಅಕ್ಕನ ಬಗ್ಗೆ ವಿಚಾರಣೆ.

ಲಕೋಟೆ ವಾಪಸು ಬಂದ ವಾರ ಅಕ್ಕನಿಗೆ ಹೇಳಲು ಹೋದೆ. ಅಕ್ಕ ಪೂರ್ತಿ ವಾಸಿಯಾಗಿಲ್ಲ. ಅರ್ಧ ದಿನ ಎದ್ದಿರುತ್ತಾಳೆ, ಉಳಿದರ್ಧ ಮಲಗುತ್ತಾಳೆ, ಆ ಮನೆಯಲ್ಲಿ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಅತ್ತೆ ಹೋದ ವರ್ಷ ತೀರಿಕೊಂಡರು. ನಾನು ಹೋದಾಗ ಮಧ್ಯಾಹ್ನ, ಅವಳು ಮಲಗುವ ಹೊತ್ತು. ಸುದ್ದಿ ಕೇಳಿ ನನ್ನ ಕಡೆ ಹೊರಳಿದಳು.

‘ಆಯಮ್ಮನ ಮನೆ ಎಂಗಿತ್ಲಾ?’ ಅಂದಳು.

‘ನಾನು ಹೋಗಿಲ್ಲ ಕಣಕ್ಕ.’

‘ಅಷ್ಟು ವರ್ಸ ಒಟ್ಟಿಗೆ ಓಡಾಡಿದ್ದೀಯ.’

‘ಒಂದ್ಸಲಾನೂ ಹೋಗಿಲ್ಲ.’

ಅವಳು ಚಾಪೆಯ ಅಂಚನ್ನು ಕೈಯಿಂದ ಸವರಿದಳು. ಆಮೇಲೆ ಹೇಳಿದಳು:

‘ವರ್ಗ ಆಗೋ ಮುಂಚೆ ಒಂದ್ಸಲ ಒಬ್ರೇ ಬಂದಿದ್ರು. ನಿಂಗೆ ಯೋಳ್ಬೇಡ ಅಂದಿದ್ರು. ಪುಸ್ತಕ ತೆಗೀನಿಲ್ಲ, ಏನೂ ಕೇಳ್ನಿಲ್ಲ. ನಂಗೂ ಸ್ವಲ್ಪ ಜಾಗ ಬಿಡು ಅಂದ್ಬುಟ್ಟು ನನ್ ಪಕ್ಕ ಇದೇ ಚಾಪೆ ಮೇಲೆ ಮಲಿಕಂಡ್ರು. ಮಲಿಕಂಡೋರು ಸಂಜೆಗಂಟ ಏಳ್ನಿಲ್ಲ. ಅತ್ತೆ ಕಂಬ್ಳಿ ಒದಿಸಿ, ಸದ್ದಾಯ್ತದೆ ಅಂತ ಎಮ್ಮೆನೂ ಆಚೆಗೆ ಕಟ್ಟಿದ್ರು.’

‘ಹುಷಾರಿರಲಿಲ್ವಾ?’

‘ನಾನೂ ಅದ್ನೇ ಕೇಳ್ದೆ. ಮೈಯೆಲ್ಲ ಸರ್ಯಾಗದೆ ಅಂದ್ರು. ಮನೇಲಿ ನಿದ್ದೆ ಬರಲ್ಲ, ಪಕ್ಕದಲ್ಲಿ ಯಾರಾದ್ರೂ ಉಸಿರಾಡೋ ಸದ್ದು ಕೇಳಿದ್ರೆ ಬರುತ್ತೆ ಅಂದ್ರು.’

ಅಷ್ಟು ಹೇಳಿ ಅಕ್ಕ ಕಣ್ಣು ಮುಚ್ಚಿದಳು. ಕೃಷ್ಣರಾಜಪೇಟೆಗೆ ಹೋಗುವ ಮೂರು ಗಂಟೆಯ ಬಸ್ಸು ಊರ ಮುಂದೆ ಹಾರ್ನ್ ಮಾಡಿತು. ನಾನು ಏಳಲಿಲ್ಲ. ಅವಳಿಗೆ ನಿದ್ದೆ ಹತ್ತುವವರೆಗೂ ಅಲ್ಲೇ, ಚಾಪೆಯ ಪಕ್ಕ ಕೂತಿದ್ದೆ.